ಬೆನ್ನು ಹಾಕಿ ಹೇಳಿದ ಕತೆಗಳು

"ಇನ್ನೊಂಚೂರು ಆ ಕಡೆ ಎಳೀರಿ, ಬಾಗಿಲಿಗೆ ಅಡ್ಡ ಆಗ್ತಿದೆ," ಎನ್ನುತ್ತ ಭಾವಮೈದುನ ಸೋಫಾದ ಒಂದು ತುದಿ ಎತ್ತಿದ. ಇನ್ನೊಂದನ್ನು ಪತ್ರಿಕೆಯ ಹಿರಿಯ ವರದಿಗಾರ ಹಿಡಿದ. ನಡುಮನೆಯಲ್ಲಿ ಜಾಗವಾಯಿತು. ಪತ್ರಿಕೆಯ ಛಾಯಾಗ್ರಾಹಕನ ದೇಹವನ್ನು ಅಲ್ಲಿ ಮಲಗಿಸಿದರು.

"ಅರ್ಧ ಆಯಸ್ಸು ಒಂದೇ ಜೀಪಲ್ಲಿ ಓಡಾಡಿದ್ವಿ," ವರದಿಗಾರ ಕಣ್ಣೊರೆಸಿಕೊಂಡ. "ಬಾಯಿ ಬಿಟ್ರೆ ಮುತ್ತು ಉದುರಿಬಿಡುತ್ತೇನೋ ಅನ್ನೋ ಹಾಗೆ ಇರೋನು. ಆಫೀಸಲ್ಲಿ ‘ಗಪ್‌ಚಿಪ್’ ಅಂತಾನೇ ಕರೀತಿದ್ವಿ. ಮನೇಲಾದ್ರೂ ಮಾತಾಡ್ತಿದ್ನಾ, ಅತ್ತಿಗೆ?"

"ಆಡ್ತಿದ್ರು," ಎಂದಳು ಹೆಂಡತಿ. "ಶುರು ಮಾಡಿದ್ದು ತಡವಾಗಿ, ಅಷ್ಟೆ."

*

ಪತ್ರಿಕೆ ಮೊಬೈಲಿಗೆ ಇಳಿದ ವರ್ಷ, ಚಿತ್ರ ತೆಗೆದವರೇ ಅದರ ಕತೆಗೆ ದನಿಯನ್ನೂ ಕೊಡಬೇಕೆಂದು ಸಂಪಾದಕರು ಹೇಳಿದರು. ಕೊಡಲಾಗದವರ ಗತಿಯೇನೆಂದು ಅವರು ಬಿಡಿಸಿ ಹೇಳಬೇಕಿರಲಿಲ್ಲ. ಛಾಯಾಗ್ರಾಹಕನ ಮೊದಲ ರೆಕಾರ್ಡಿಂಗ್ ಕೇಳಿ ಧ್ವನಿ ವಿಭಾಗದ ಹುಡುಗಿ ನಕ್ಕುಬಿಟ್ಟಳು.

"ಸಾರ್, ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ ಅಂತ ಹೇಳಿದ ಹಾಗಿದೆ. ಬರ್ಕೊಂಡು ಓದಬೇಡಿ. ಯಾರಾದ್ರೂ ಒಬ್ರಿಗೆ ಹೇಳಿ."

ಹೇಳಲು ಅವನಿಗೆ ಇದ್ದವಳು ಹೆಂಡತಿ ಒಬ್ಬಳೇ. ರಸ್ತೆಯ ಗದ್ದಲ ಕೇಳಿಸಬಾರದೆಂದು ಬೀರು ತೆರೆದು, ನೇತುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ ಕೂತ. ಅವಳು ಹಿಂದೆ, ಮಂಚದ ಮೇಲೆ.

"ಬೆನ್ನು ಹಾಕ್ಕೊಂಡು ಕತೆ ಹೇಳ್ತಾರಾ ಯಾರಾದ್ರೂ?"

"ಮುಖ ನೋಡಿದ್ರೆ ಮಾತು ಬರಲ್ಲ ಕಣೆ."

ಮುಚ್ಚಿಹೋದ ಗಿರಣಿಯ ಚಿತ್ರಗಳು ಅವು. ಕೊನೆಯ ಪಾಳಿ ಮುಗಿದ ಮೇಲೂ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದ ಮುದುಕನವರೆಗೆ ಬಂದು ಅವನ ದನಿ ಕಟ್ಟಿತು.

"ಆಮೇಲೆ?" ಎಂದಳು.

ಮಾತು ಮುಂದುವರಿಯಿತು. ಆ "ಆಮೇಲೆ"ಯನ್ನು ಕತ್ತರಿಸಲು ಹೊರಟ ಹುಡುಗಿಗೆ ಅವನು ಬೇಡವೆಂದ. "ಅದಿಲ್ದಿದ್ರೆ ಮುಂದಿನದು ಬರ್ತಾನೇ ಇರ್ಲಿಲ್ಲಮ್ಮ."

ಅಂದಿನಿಂದ ಭಾನುವಾರಗಳು ಬೀರುವಿನ ಮುಂದೆಯೇ ಕಳೆದವು. ಅಷ್ಟು ವರ್ಷ ಕೆಸರು ಮೆತ್ತಿದ ಬೂಟು ಕಳಚಿ, ಉಂಡು ಮಲಗುತ್ತಿದ್ದವನು ಎಲ್ಲೆಲ್ಲಿ ಏನೇನು ಕಂಡು ಬರುತ್ತಿದ್ದನೆಂದು ಅವಳಿಗೆ ಆಗ ತಿಳಿಯಿತು. ಮೈಕು ಹಾಕುವುದನ್ನೇ ಮರೆತ ಭಾನುವಾರಗಳೂ ಇದ್ದವು.

*

ವರದಿಗಾರ ಗೋಡೆಯ ಚಿತ್ರವೊಂದರ ಮುಂದೆ ನಿಂತಿದ್ದ. ನೆರೆನೀರಿನಲ್ಲಿ ದೋಣಿ, ಅದರಲ್ಲಿ ಹೊಲಿಗೆ ಯಂತ್ರವನ್ನು ಮಗುವಿನಂತೆ ತಬ್ಬಿ ನಗುತ್ತಿರುವ ಹೆಂಗಸು.

"ನಾನೂ ದಡದಲ್ಲೇ ಇದ್ದೆ. ಮನೆ ಮುಳುಗಿದೆ, ಈಯಮ್ಮ ಯಾಕೆ ನಗ್ತಿದ್ಲೋ ಇವತ್ತಿಗೂ ಗೊತ್ತಿಲ್ಲ."

"ನಂಗೊತ್ತು." ಹೆಂಡತಿ ಎದ್ದು ಬಂದಳು. "ಭಾರ ಜಾಸ್ತಿ ಆಯ್ತು, ಮಿಷನ್ ಇಳಿಸು ಅಂತ ದೋಣಿಯವನು ಬೈದನಂತೆ. ‘ಬೇಕಾದ್ರೆ ಗಂಡನ್ನ ಇಳಿಸ್ತೀನಿ’ ಅಂದಳಂತೆ. ಗಂಡ ಪಕ್ಕದಲ್ಲೇ ಕೂತಿದ್ದ, ಪಾಪ. ಅವನೂ ಒಂದು ಕಾಲು ಎತ್ತಿ ಇಳಿಯಕ್ಕೆ ಹೊರಟನಂತೆ!"

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ವರದಿಗಾರ ಅಳುತ್ತಲೇ ನಕ್ಕ. ಅವಳು ಪಕ್ಕದ ಚಿತ್ರಕ್ಕೆ ಸರಿದಳು. ಕೂತವರು ಕುರ್ಚಿಗಳನ್ನು ಹತ್ತಿರ ಎಳೆದುಕೊಂಡರು.

ಹೊತ್ತಾಯಿತೆಂದು ಹೇಳಲು ಬಂದ ಶವದ ಗಾಡಿಯ ಚಾಲಕ ಹೊಸ್ತಿಲಲ್ಲೇ ನಿಂತ. ಅವಳ ಮಾತು ನಿಲ್ಲಲಿಲ್ಲ. ತುಸು ಹೊತ್ತು ಕೇಳಿಸಿಕೊಂಡು, ಸದ್ದಾಗದಂತೆ ಹಿಂದಿರುಗಿ, ಗೇಟಿನ ಬಳಿ ಗುರುಗುಟ್ಟುತ್ತಿದ್ದ ಎಂಜಿನ್ ಆರಿಸಿದ.