ಕೆಂಪವ್ವನ ಅರಿಶಿನ

ಸಾಂಗಲಿಯ ಅರಿಶಿನ ಪೇಟೆಯ ಹಿಂದಿನ ಚಾಳಿನಲ್ಲಿ ನಮ್ಮ ಖೋಲಿಗೂ ಕೆಂಪವ್ವನ ಖೋಲಿಗೂ ನಡುವೆ ಒಂದೇ ಗೋಡೆ. ನನ್ನ ಗಂಡ ಪೇಟೆಯಲ್ಲಿ ಚೀಲ ತೂಗುವವರು. ಅವಳ ಗಂಡ ಹುಲಿಗೆಪ್ಪ ಅದೇ ಚೀಲ ಹೊರುವವನು. ಅವರು ಜಮಖಂಡಿ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದ ಮಂದಿ. ಹುಲಿಗೆಪ್ಪ ಜ್ವರ ಬಂದು ತೀರಿಕೊಂಡಾಗ ಶಾಲನ ಎಂಬ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಮನೆಯಲ್ಲಿ ಉಳಿದವಳು ಅತ್ತೆ ಬೀರವ್ವ, ಅವಳ ಬಾಯಿಗೆ ಹೆದರಿ ಚಾಳಿನ ನಾಯಿಯೂ ಆ ಕಡೆ ಸುಳಿಯುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಸಹಕಾರಿ ಸಂಘಗಳು ಏಳುತ್ತಿದ್ದವು. ಸಕ್ಕರೆಗೊಂದು, ಹಾಲಿಗೊಂದು, ನೂಲಿಗೊಂದು. ರೈತರು ಸೇರಿ ಅರಿಶಿನಕ್ಕೂ ಒಂದು ಸೊಸಾಯಿಟಿ ಕಟ್ಟಿ ಪೇಟೆಯ ಪಕ್ಕದಲ್ಲೇ ಪಾಲಿಶ್ ಕಾರ್ಖಾನೆ ತೆರೆದರು. ಸುತ್ತಲಿನ ಸಮಡೋಳಿ, ಕಸಬೆ ಡಿಗ್ರಜದಿಂದ ಬಂದ ಒಣಗಿದ ಅರಿಶಿನ ಕೊಂಬನ್ನು ದೊಡ್ಡ ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಸಿಪ್ಪೆ ಉದುರಿ ಹೊಳಪು ಬರುತ್ತದೆ. ಧೂಳು ಮಾತ್ರ ಕೇಳಬೇಡಿ. ಒಳಗೆ ಕರಿಯ ಕಾಗೆ ಹೊಕ್ಕರೆ ಹಳದಿ ಕಾಗೆಯಾಗಿ ಹೊರಗೆ ಬರಬೇಕು. ಅಲ್ಲಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂದು ತಿಳಿದ ದಿನವೇ ಕೆಂಪವ್ವ ಹೋಗಿ ನಿಂತಳು.

ಮೊದಲ ಸಂಜೆ ಅವಳು ಮನೆಗೆ ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕೆನ್ನೆ, ಕತ್ತು, ಕೈ, ಹುಬ್ಬು ಎಲ್ಲ ಹಳದಿ. ಬೀರವ್ವ ಬಾಗಿಲಲ್ಲೇ ತಡೆದಳು.

“ನೋಡ್ರೆವ್ವಾ ನೋಡ್ರಿ! ನನ್ನ ಮಗಾ ಸತ್ತು ವರ್ಷ ತುಂಬಿಲ್ಲ, ಇಕಿ ಮದುಮಗಳಂಗ ಮೈತುಂಬ ಅರಿಶಿಣ ಬಡಕೊಂಡು ಬಂದಾಳ!”

“ನಾ ಹಚಗೊಂಡಿಲ್ಲರಿ ಅತ್ತಿ,” ಎಂದಳು ಕೆಂಪವ್ವ. “ತಾನಽ ಹತ್ತೇತಿ.”

ಅಂದಿನಿಂದ ಅವಳು ಹೊರಗಿನ ನಳದ ಹತ್ತಿರ ತಿಕ್ಕಿ ತಿಕ್ಕಿ ತೊಳೆದುಕೊಂಡೇ ಒಳಗೆ ಹೋಗಬೇಕು. ಸಾಬೂನು ಹಚ್ಚಿದರೆ ಅರಿಶಿನ ಹೋಗುವುದಿರಲಿ, ಕೆಂಪಗಾಗಿ ಕೂರುತ್ತದೆ. ಅದನ್ನು ಕಂಡು ಬೀರವ್ವ ಇನ್ನಷ್ಟು ಕೂಗುವಳು. ಕೂಗಲಿ! ಸಂಜೆ ಅದೇ ಕೈ ಬಡಿದ ರೊಟ್ಟಿಯನ್ನು ತಿನ್ನುವಾಗ ಮುದುಕಿಯ ಬಾಯಿ ಮುಚ್ಚಿರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು, ಕೆಂಪವ್ವನಿಗೆ ಬರುತ್ತಿರಲಿಲ್ಲ.

ಒಂದು ಮಾತು ಹೇಳಲೇಬೇಕು. ಚಾಳಿನಲ್ಲಿ ಅವಳು ಮೊದಲು ಹುಲಿಗೆಪ್ಪನ ಹೆಂಡತಿ. ಅವನು ಸತ್ತ ಮೇಲೆ ಹೆಸರೇ ಇಲ್ಲದವಳು. ಕಾರ್ಖಾನೆಯಲ್ಲಿ ಹಾಜರಿ ಹಿಡಿಯುವ ಮುಕಾದಮ ಶಿದ್ರಾಮ ದಿನಾ ಬೆಳಿಗ್ಗೆ ಗಟ್ಟಿಯಾಗಿ “ಕೆಂಪವ್ವಾ!” ಎಂದು ಕೂಗುತ್ತಿದ್ದ. ಇವಳು “ಹಾಜರ!” ಎನ್ನುತ್ತಿದ್ದಳು. ಆ ದನಿ ಕಾರ್ಖಾನೆಯ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ವರ್ಷ ಕಳೆದಂತೆ ಆ ದನಿ ದೊಡ್ಡದಾಯಿತು. ಕೇಳಿ ನನಗೆ ಖುಷಿಯಾಗುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ನನ್ನನ್ನು ಹಾಗೆ ಹೆಸರು ಹಿಡಿದು ಕರೆಯುವವರು ಯಾರಿದ್ದರು?

ಶಾಲನ ಸಾಲೆಗೆ ಹೋಗತೊಡಗಿದಳು. ಸಂಜೆ ತಾಯಿಯನ್ನು ಕಂಡ ಕೂಡಲೇ ಓಡಿಹೋಗಿ ತೆಕ್ಕೆಬೀಳುವಳು. ತೊಳೆಯುವ ತನಕ ತಡೆಯುವ ಮಗುವೇ ಅಲ್ಲ. ಬಿಳಿ ಅಂಗಿಯ ಬೆನ್ನ ಮೇಲೆ ಐದು ಬೆರಳು ಹಳದಿಯಾಗಿ ಮೂಡುತ್ತಿದ್ದವು. ಅರಿಶಿನದ ಕಲೆ ಬಿಸಿಲಿಗೆ ಮಾತ್ರ ಬಗ್ಗುತ್ತದೆ. ಹಾಗಾಗಿ ರಜೆಯ ದಿನ ಆ ಅಂಗಿಗಳೆಲ್ಲ ನಮ್ಮ ಹಗ್ಗದ ಮೇಲೆ ಬೆನ್ನು ತೋರಿಸಿ ಒಣಗುತ್ತಿದ್ದವು.

ಹುಡುಗಿ ಬೆಳೆದಳು. ಮಿರಜದ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಖಂಡೇರಾಜುರಿ ಊರಿನ ರಾವಸಾಬನ ಜೊತೆ ಮದುವೆ ನಿಶ್ಚಯವಾಯಿತು. ನಳದ ಹತ್ತಿರ ಕೆಂಪವ್ವ ನನಗೆ ಮೆಲ್ಲಗೆ ಹೇಳಿದಳು.

“ನನ್ನ ಕೂಸಿಗೆ ನನ್ನ ಕೈಲೆ ಒಂದ್ ಬೊಟ್ಟ ಅರಿಶಿಣ ಹಚ್ಚಬೇಕಂತ ಭಾಳ ಆಸೆ ಐತಿರಿ ವೈನಿ. ಆದ್ರ ನನ್ನಂಥಾಕಿ ಮುಟ್ಟಬಾರದಲ್ಲ.”

ನನಗೆ ಉರಿದುಹೋಯಿತು. ಎಷ್ಟೋ ಊರಿನ ಮದುಮಕ್ಕಳಿಗೆ ಇವಳು ಆರಿಸಿದ ಅರಿಶಿನ ಆಗಬೇಕು, ಇವಳ ಮಗಳಿಗೆ ಇವಳ ಕೈ ಆಗಬಾರದು! “ಐದು ಮಂದಿ ಮುತ್ತೈದೆಯರೊಳಗ ನಾನೂ ಒಬ್ಬಾಕಿ. ನಿನ್ನ ಬಿಟ್ಟು ಹಚ್ಚಂಗಿಲ್ಲ ಅಂತೀನಿ,” ಎಂದೆ. “ಬ್ಯಾಡ್ರಿ,” ಎಂದಳು. “ಬೀಗರ ಮುಂದ ಹುಡುಗಿ ಹೆಸರ ಕೆಡಬಾರದು.”

ಅರಿಶಿನ ಹಚ್ಚುವ ದಿನ ಕಾರ್ಖಾನೆಯಲ್ಲಿ ಹಂಗಾಮು ಜೋರಾಗಿತ್ತು. ಕೆಂಪವ್ವ ಅರ್ಧ ದಿನ ದುಡಿದು, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಓಡಿಬಂದು ಚಪ್ಪರದ ಕಂಬದ ಹಿಂದೆ ನಿಂತಳು. ವರನಿಗೆ ಹಚ್ಚಿ ಉಳಿದ ಅರಿಶಿನವನ್ನು ಬಟ್ಟಲಲ್ಲಿ ಹಿಡಿದು ಅವನ ಸೋದರತ್ತೆ ಅಂಜನಾಬಾಯಿ ಬಂದಳು. ನಿಶ್ಚಯದ ದಿನ ಅವಳು ಬಂದಿರಲಿಲ್ಲ, ಕೆಂಪವ್ವನನ್ನು ನೋಡಿದವಳಲ್ಲ. ದೊಡ್ಡ ದನಿ, ದೊಡ್ಡ ಮೂಗುತಿ. ಬಂದವಳೇ ಸುತ್ತ ನೋಡಿದಳು. ಬಟ್ಟೆ ಹುಬ್ಬಿನ ತನಕ ಇಳಿದಿತ್ತು, ಕೆಂಪವ್ವನ ಬರಿ ಹಣೆ ಕಾಣಲಿಲ್ಲ. ಹಳದಿ ಕೆನ್ನೆ ಕಂಡಿತು.

“ಏ ಬಾಯಿ, ಅಲ್ಯಾಕ ನಿಂತೀ? ಮೈತುಂಬ ಅರಿಶಿಣ ಐತಿ, ಪುಣ್ಯವಂತಿ. ಬಾ, ನೀನಽ ಮೊದಲ ಹಚ್ಚು!” ಎಂದು ರಟ್ಟೆ ಹಿಡಿದು ಎಳೆದು ತಂದು ಬಟ್ಟಲನ್ನು ಅವಳ ಕೈಗೇ ಇಟ್ಟಳು.

ಚಪ್ಪರದ ಮಂದಿಯೆಲ್ಲ ಇತ್ತ ತಿರುಗಿದರು. ಸುಮ್ಮನಿರು ಮಹಾರಾಯ್ತಿ, ಹಚ್ಚಿಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕೆಂಪವ್ವ ಮಗಳನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಆಮೇಲೆ ಅದನ್ನು ಕೆಳಗಿಟ್ಟಳು.

“ನಾ ಮುತ್ತೈದಿ ಅಲ್ಲರಿ ಬಾಯಿ. ಹುಡುಗಿ ತಾಯಿ ಅದೇನಿ. ಇದು ಕೆಲಸದ ಅರಿಶಿಣ.”

ಅಂಜನಾಬಾಯಿಯ ಮುಖ ಇಳಿಯಿತು. ಬೀರವ್ವ ನೆಲ ನೋಡಿದಳು. ಮಣೆಯ ಮೇಲೆ ಕೂತ ಶಾಲನ ತಲೆ ಎತ್ತಿದಳು.

“ಆತ್ಯಾ, ನನಗ ದಿನಾ ಇಕಿನಽ ಹಚ್ಯಾಳ್ರಿ. ಸಾಲಿ ಅಂಗಿಗೆ ಹಚ್ಯಾಳ, ತಿನ್ನೊ ರೊಟ್ಟಿಗೆ ಹಚ್ಯಾಳ. ಇಷ್ಟು ವರ್ಷ ಆಗದ ಕೆಟ್ಟದ್ದು ಇವತ್ತ ಆಗತೈತೇನ್ರಿ?”

ಅಂಜನಾಬಾಯಿ ಬಟ್ಟಲೆತ್ತಿಕೊಂಡು ಕೆಂಪವ್ವನನ್ನು ಕೇಳಿದಳು. “ನೀ ಎಲ್ಲಿ ಕೆಲಸ ಮಾಡ್ತೀ?”

“ಸೊಸಾಯಿಟಿ ಕಾರ್ಖಾನ್ಯಾಗ್ರಿ.”

“ಈ ಅರಿಶಿಣಾನೂ ಅಲ್ಲಿಂದನಽ ತಂದದ್ದು.” ಅವಳು ಬಟ್ಟಲನ್ನು ಕೆಂಪವ್ವನತ್ತ ಚಾಚಿದಳು. “ಹಂಗಾದ್ರ ನಮ್ಮ ರಾವಸಾಬಗ ಮೊದಲಽ ನಿನ್ನ ಕೈ ಹತ್ತೇತಿ. ಅವಗ ಹತ್ತಿದ್ದು ಇಕಿಗ್ಯಾಕ ಬ್ಯಾಡ? ತಗೋ, ಹಚ್ಚು.”

ಕೆಂಪವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. “ನೆಲಕ್ಕ ಚೆಲ್ಲಬ್ಯಾಡ, ಸಾವಕಾಶ,” ಎಂದು ಗೊಣಗಿದವಳು ಬೀರವ್ವ. ಮಗಳ ಎರಡೂ ಕೆನ್ನೆಗೆ ಹಚ್ಚಿ, ಅವಳನ್ನು ತಬ್ಬಿಕೊಂಡು ಕೆಂಪವ್ವ ಜೋರಾಗಿ ಅತ್ತಳು. ನಾನೂ ಅತ್ತೆ. ಐದು ಮಂದಿಯ ಸರದಿ ಬಂದಾಗ ನನಗೆ ಬಟ್ಟಲೇ ಮಸುಕಾಗಿ ಕಾಣುತ್ತಿತ್ತು.

ಮದುವೆ ಮುಗಿದ ಮರುದಿನ ಬೆಳಿಗ್ಗೆ ಶಿದ್ರಾಮ ಹೆಸರು ಕೂಗಿದ, ಕೆಂಪವ್ವ “ಹಾಜರ!” ಎಂದಳು. ಎಂದಿಗಿಂತ ಗಟ್ಟಿಯಾಗಿ. ಖಂಡೇರಾಜುರಿಗೆ ಹೊರಟ ಶಾಲನಳ ಟ್ರಂಕಿಗೆ ಬಟ್ಟೆ ತುಂಬಿದವಳು ನಾನೇ. ಅರಿಶಿನದ ದಿನ ತೊಟ್ಟಿದ್ದ ಬಿಳಿ ಕುಪ್ಪಸದ ಬೆನ್ನ ಮೇಲೆ ಐದು ಬೆರಳು ಮೂಡಿದ್ದವು. ಒಂದು ಬಿಸಿಲು ತೋರಿಸಿದರೆ ಹೋಗುತ್ತದೆಂದು ಹಗ್ಗದ ಕಡೆ ಹೊರಟೆ. ಶಾಲನ ಓಡಿಬಂದು ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. ಮಡಚಿ, ಎಲ್ಲ ಬಟ್ಟೆಗಳ ಅಡಿಯಲ್ಲಿ, ಬೆಳಕು ಬೀಳದ ಕಡೆ ಇಟ್ಟುಕೊಂಡಳು.