ಇಳಿಜಾರಲ್ಲಿ ಕೇಳಿದ ಮೈಕು

ಲೂದೊನ ಕಥೆ ಆ ಊರಲ್ಲಿ ಗೊತ್ತಿಲ್ದೋರು ಅಂದ್ರೆ ತೊಟ್ಟಿಲಲ್ಲಿರೋ ಕೂಸುಗಳು ಮಾತ್ರ. ನಲವತ್ತು ವರ್ಷದಿಂದ ಅದೇ ಕಥೆ, ಅದೇ ಕೆಫೆ, ಚರ್ಚಿನ ಎದುರಿಗಿರೋದು. ಮೂರನೇ ಬಿಯರ್ ಮುಗೀತು ಅಂದ್ರೆ ಶುರು.

ಎಂಬತ್ನಾಲ್ಕನೇ ಇಸವಿ, ಪ್ರಾಂತ್ಯದ ಮೋಟಾರ್‌ಬೈಕ್ ಕಪ್ಪಿನ ಕೊನೇ ರೇಸು, ಅದರಲ್ಲೂ ಕೊನೇ ಸುತ್ತು. ಐನೂರು ಸಿಸಿ ಟೂ-ಸ್ಟ್ರೋಕ್ ಗಾಡಿ. ಲೂದೊ ಎಲ್ಲರಿಗಿಂತ ಮುಂದೆ. ಪೈನ್ ಮರದ ದಿಬ್ಬ ಹತ್ತಿ ಆ ಕಡೆ ಮರಳಿನ ಇಳಿಜಾರಿಗೆ ಬಿದ್ದ.

"ಆಕ್ಸಿಲರೇಟರು ಪೂರ್ತಿ ತಿರುವಿ ಹಿಡಿದಿದ್ದೆ ಕಣ್ರೋ, ನಾಲ್ಕನೇ ಗೇರು. ಮೈಕಲ್ಲಿ ಕೂಗ್ತಾ ಇದಾನೆ, ಲೂದೊ ವಾನ್‌ಹೀಸ್ ಮುಂದೆ, ಲೂದೊ ವಾನ್‌ಹೀಸ್ ಮುಂದೆ ಅಂತ. ಕಿವಿಯಾರೆ ಕೇಳ್ತಿದೀನಿ. ಅಷ್ಟರಲ್ಲಿ ಇಂಜಿನ್ನು ಗಕ್ ಅಂತ ಹಿಡ್ಕೊಂಡ್ಬಿಡ್ತು. ನಾನು ಹ್ಯಾಂಡಲ್ ಮೇಲಿಂದ ಹಾರಿ ಆಸ್ಪತ್ರೆ ಸೇರ್ದೆ."

ಇಲ್ಲಿ ಸ್ವಲ್ಪ ನಿಲ್ಲಿಸ್ತಾನೆ. ಮೂಲೇಲಿ ಕೂತ ರೆಮಿ ಕಡೆ ಗ್ಲಾಸು ಎತ್ತಿ ಹಿಡೀತಾನೆ.

"ಯಾಕೆ ಹಿಡ್ಕೊಂತು ಅಂತ ಕೇಳಿ. ನಮ್ಮ ಭಾವ ಪೆಟ್ರೋಲಿಗೆ ಎಣ್ಣೆ ಬೆರೆಸೋದ್ರಲ್ಲಿ ಜಿಪುಣ."

ಎಲ್ಲರೂ ನಗ್ತಾರೆ. ರೆಮಿನೂ ನಗ್ತಾನೆ, ಗ್ಲಾಸಿನೊಳಗೆ ನೋಡ್ಕೊಂಡು.

ರೆಮಿ ಅಂದ್ರೆ ಲೂದೊನ ಹೆಂಡತಿ ಲೀವ್‌ಳ ಅಣ್ಣ, ಆ ಕಾಲದಲ್ಲಿ ಲೂದೊನ ಮೆಕ್ಯಾನಿಕ್ಕು. ಟೂ-ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಬೇರೆಯಾಗಿ ಇರಲ್ಲ, ಪೆಟ್ರೋಲಲ್ಲೇ ಬೆರೆಸಿ ಕುಡಿಸ್ಬೇಕು. ಕಮ್ಮಿ ಆಯ್ತೋ, ಪಿಸ್ಟನ್ನು ಕಾದು ಸಿಲಿಂಡರಿನ ಗೋಡೆಗೆ ಕಚ್ಕೊಳ್ಳುತ್ತೆ. ಆ ರೇಸಿಗೆ ಮುಂಚೆ ಶನಿವಾರ ಬಂತು ಅಂದ್ರೆ ರೆಮಿ ಶೆಡ್ಡಿನ ಮುಂದೆ ನಾಲ್ಕು ಊರಿನ ಗಾಡಿ ಸಾಲಾಗಿ ನಿಲ್ತಿದ್ವು. ಮುಂದಿನ ವರ್ಷ ಅರ್ಧ. ಅದರ ಮುಂದಿನ ವರ್ಷ ಯಾವನೂ ಇಲ್ಲ. ಒಬ್ಬನೂ ಜಗಳ ಆಡ್ಲಿಲ್ಲ, ಮುಖ ಮುರೀಲಿಲ್ಲ, "ಮುಂದಿನ ವಾರ ನೋಡೋಣ" ಅಂದ್ರು, ಅಷ್ಟೇ. ರೆಮಿ ಶೆಡ್ಡಿಗೆ ಬೀಗ ಹಾಕಿ ಮೂವತ್ತು ವರ್ಷ ಶಾಲೆ ಬಸ್ಸು ಓಡಿಸ್ದ. ಇದಕ್ಕೂ ತನ್ನ ಕಥೆಗೂ ಏನಾದ್ರೂ ಸಂಬಂಧ ಇದೆ ಅಂತ ಲೂದೊಗೆ ಯಾವತ್ತೂ ಹೊಳೀಲಿಲ್ಲ. ಅವನಿಗೆ ಅದು ತಮಾಷೆ. ರೇಸಿನ ಕಪ್ಪು ಕೈ ತಪ್ಪಿತ್ತು, ಕಥೆ ಸಿಕ್ಕಿತ್ತು.

ಈಗ ಅರವತ್ತೆಂಟನೇ ವಯಸ್ಸಲ್ಲಿ ಲೂದೊ ಅಂಥದೇ ಗಾಡಿ ಹುಡುಕಿ ತಂದ. ಎರಡು ಚಳಿಗಾಲ ಕೂತು ಬಿಚ್ಚಿ, ತಿಕ್ಕಿ, ಜೋಡಿಸಿದ. ಅದೇ ಮರಳಿನ ಟ್ರ್ಯಾಕಲ್ಲಿ ಹಳೇ ಗಾಡಿಗಳ ದಿನ ಅಂತ ಮಾಡ್ತಾರಲ್ಲ, ಅಲ್ಲಿ ಆ ಇಳಿಜಾರನ್ನ ಆವತ್ತಿನ ಥರಾನೇ ಪೂರ್ತಿ ತಿರುವಿ ಇಳಿದು ತೋರಿಸ್ತೀನಿ ಅಂತ ಊರಿಗೆಲ್ಲ ಹೇಳ್ದ. "ಈಗಿನ ಹುಡುಗ್ರ ಗಾಡಿಗಳು ಬರೀ ಹೊಲಿಗೆ ಮಿಷನ್ನು," ಅಂತ ಸೇರಿಸ್ದ.

ಆ ದಿನ ಬೆಳಿಗ್ಗೆ ರೆಮಿ ಬಂದ, ಕೋಟಿನ ಜೇಬಲ್ಲಿ ಎರಡೂ ಕೈ ಇಟ್ಕೊಂಡು.

"ಎಣ್ಣೆ ನೀನೇ ಬೆರೆಸಿದ್ಯಾ?" ಅಂದ.

"ಮತ್ತೆ? ನಿನ್ನ ಕೈಗೆ ಇನ್ನೊಂದ್ಸಲ ಕೊಡ್ತೀನಾ," ಅಂತ ಲೂದೊ ಅಳತೆ ಪಾತ್ರೆ ಎತ್ತಿ ಅಕ್ಕಪಕ್ಕದೋರಿಗೆಲ್ಲ ತೋರಿಸ್ದ. ಅವರು ನಕ್ರು.

ಆಮೇಲೆ ಕಿಕ್ಕು. ಒಂದು, ಎರಡು, ಮೂರು. ನಾಲ್ಕನೇ ಸಲ ಪೆಡಲ್ಲು ವಾಪಸ್ ಒದ್ದು, ಹಿಮ್ಮಡಿಯಿಂದ ಸೊಂಟದ ತನಕ ಕರೆಂಟು ಹೊಡೆದ ಹಾಗಾಯ್ತು.

"ಆಗೆಲ್ಲ ಒಂದೇ ಒದೆತಕ್ಕೆ ಶುರುವಾಗ್ತಿತ್ತು," ಅಂದ ಲೂದೊ, ಏದುಸಿರು ಬಿಡ್ತಾ.

"ಆಗ ಹನ್ನೊಂದು," ಅಂದ್ಲು ಲೀವ್. ಮಡಚೋ ಕುರ್ಚೀಲಿ ಕೂತು ಫ್ಲಾಸ್ಕಿಂದ ಕಾಫಿ ಬಗ್ಗಿಸ್ತಿದ್ಲು. "ನಾನು ಪಕ್ಕದಲ್ಲಿ ನಿಂತು ಎಣಿಸ್ತಿದ್ದೆ. ನೀನು ಬೈಗುಳದಲ್ಲಿ ಎಣಿಸ್ತಿದ್ದೆ."

ಒಂಬತ್ತನೇ ಒದೆತಕ್ಕೆ ಶುರುವಾಯ್ತು. ನೀಲಿ ಹೊಗೆ ಎದ್ದು ಆ ಸುಟ್ಟ ಎಣ್ಣೆ ವಾಸನೆ ಮೂಗಿಗೆ ಬಡೀತು ನೋಡಿ, ಅಲ್ಲಿದ್ದ ಮುದುಕರೆಲ್ಲ ಹತ್ರ ಬಂದು ಮೂಗು ಅರಳಿಸಿದ್ರು. ಲೂದೊಗೆ ಕಣ್ಣು ತುಂಬಿತು. ಹೊಗೆ ಅಂದ್ಕೊಂಡು ಒರೆಸ್ಕೊಂಡ.

ವಾಸನೆ ತನಕ ಎಲ್ಲ ಸರಿ. ಗಾಡಿ ಹೊರಟ ಮೇಲಿನ ಮಾತು ಬೇರೆ. ಆ ಐನೂರು ಸಿಸಿ ಅನ್ನೋದು ಮೊದಲು ಏನೂ ಮಾಡಲ್ಲ, ಆಮೇಲೆ ಎಲ್ಲಾ ಒಟ್ಟಿಗೇ ಮಾಡುತ್ತೆ. ಎರಡನೇ ತಿರುವಿಗೆ ಮುಂಗೈ ಕಲ್ಲಾಯ್ತು, ಬೆರಳು ಕ್ಲಚ್ಚು ಬಿಡಲ್ಲ ಅಂತು. ಬ್ರೇಕು ಒತ್ತಿದ್ರೆ ಕೇಳಿ ಯೋಚಿಸಿ ನಿಧಾನಕ್ಕೆ ಉತ್ತರ ಕೊಡೋ ಸರ್ಕಾರಿ ಗುಮಾಸ್ತನ ಥರ. ಪ್ರತೀ ಗುಂಡೀಲೂ ಸೀಟು ಬೆನ್ನಿಗೆ ಗುದ್ದು. ಈ ಗಾಡೀಲಿ ನಾನು ನಲವತ್ತೈದು ನಿಮಿಷ ಓಡಿಸ್ತಿದ್ನಾ ಅಂತ ಅವನಿಗೇ ಅನುಮಾನ ಬಂತು. ಸದ್ದಂತೂ ಹೇಳೋದೇ ಬೇಡ, ತಲೆಬುರುಡೆ ಒಳಗೆ ಯಾರೋ ತಗಡು ಬಡೀತಿರೋ ಹಾಗೆ. ಅವನು ಕೆಮ್ಮಿದ್ದು ಅವನಿಗೇ ಕೇಳ್ಲಿಲ್ಲ.

ಪೈನ್ ಮರದ ದಿಬ್ಬ ಬಂತು. ಹತ್ತಿದ. ನೆತ್ತಿ ಮೇಲೆ ಬಂದಾಗ ಕೆಳಗೆ ಮರಳು ಕಂಡ್ತು, ಹಗ್ಗದಾಚೆ ಜನ ಕಂಡ್ರು. ತಿರುವಿ ಹಿಡಿ, ಬಿಡ್ಬೇಡ ಅಂತ ತನಗೆ ತಾನೇ ಹೇಳ್ಕೊಂಡ.

ಕೈ ಬಿಟ್ಬಿಡ್ತು. ಅವನು ಬಿಟ್ಟಿದ್ದಲ್ಲ, ಕೈ ತಾನಾಗೇ ಆಕ್ಸಿಲರೇಟರು ಮುಚ್ಚಿತು. ಸದ್ದು ಒಮ್ಮೆಲೇ ಕುಸೀತು. ಚಕ್ರ ಮರಳಲ್ಲಿ ಸುಯ್ ಅನ್ನೋದು ಕೇಳ್ತು. ಆಮೇಲೆ, ಪಕ್ಕದಲ್ಲಿ ನಿಂತು ಹೇಳಿದ ಹಾಗೆ, ಮೈಕಿನೋನ ದನಿ ಸ್ಪಷ್ಟವಾಗಿ ಕೇಳ್ತು. "ನೀಲಿ ಕಾರು ಯಾರದ್ರೀ, ಆಂಬುಲೆನ್ಸಿಗೆ ಅಡ್ಡ ನಿಲ್ಲಿಸಿದೀರಿ, ತೆಗೀರಿ."

ಲೂದೊ ಇಳಿಜಾರಿನ ಕೆಳಗೆ ಹಗ್ಗದ ಪಕ್ಕಕ್ಕೆ ಹೋಗಿ ಗಾಡಿ ನಿಲ್ಲಿಸ್ದ. ಇಂಜಿನ್ ಆಫ್ ಮಾಡ್ದ. ಹಿಂದಿಂದ ಬಂದೋರು ಒಬ್ಬೊಬ್ಬರಾಗಿ ದಾಟಿ ಹೋದ್ರು.

ಪೂರ್ತಿ ತಿರುವಿದ್ರೆ ಮೈಕು ಕೇಳಲ್ಲ. ಇವತ್ತೂ ಕೇಳಲ್ಲ, ಆವತ್ತೂ ಕೇಳ್ತಿರ್ಲಿಲ್ಲ. ಆವತ್ತು ತನ್ನ ಹೆಸರು ಕೇಳಿದ್ದು ನಿಜ, ಅದರಲ್ಲಿ ಸುಳ್ಳಿಲ್ಲ. ಹಾಗಾದ್ರೆ ಆವತ್ತೂ ಹೆದರಿ ಮುಚ್ಚಿದ್ದ. ಅಷ್ಟು ವೇಗದಲ್ಲಿ ಮುಚ್ಚಿದ್ರೆ ಪೆಟ್ರೋಲ್ ಹೋಗಲ್ಲ, ಪೆಟ್ರೋಲ್ ಹೋಗ್ದಿದ್ರೆ ಅದರೊಳಗಿನ ಎಣ್ಣೆನೂ ಹೋಗಲ್ಲ. ಕಾದ ಪಿಸ್ಟನ್ನು ಒಣಗಿ ಹಿಡ್ಕೊಳ್ಳುತ್ತೆ. ಇದು ಐನೂರು ಸಿಸಿ ಓಡಿಸೋ ಪ್ರತಿಯೊಬ್ಬನಿಗೂ ಗೊತ್ತು. ನಲವತ್ತು ವರ್ಷ ಅವನೇ ಬಾಯಾರೆ ಸಾಕ್ಷಿ ಹೇಳ್ಕೊಂಡು ಬಂದಿದ್ದ, ಒಬ್ಬನಾದ್ರೂ ಕಿವಿಗೊಟ್ಟು ಕೇಳಿರ್ಲಿಲ್ಲ. ಇವತ್ತು ಇಂಜಿನ್ನು ಹಿಡ್ಕೊಳ್ಳಲಿಲ್ಲ ಯಾಕಂದ್ರೆ ಇವತ್ತು ಅಷ್ಟು ವೇಗವೇ ಇರ್ಲಿಲ್ಲ.

ಗಾಡಿ ತಳ್ಕೊಂಡು ಪಕ್ಕದ ದಾರೀಲಿ ಬಂದ. ರೆಮಿ ಎದುರಿಗೆ ಬಂದ.

"ಒಂದೇ ಸುತ್ತಿಗೆ ಸಾಕಾಯ್ತಾ?"

"ರೆಮಿ, ಆವತ್ತು ಡಬ್ಬೀಲಿ ಎಣ್ಣೆ ಬೆರೆಸಿದ ಪೆಟ್ರೋಲು ಮಿಕ್ಕಿತ್ತಲ್ಲ. ಅದೇನು ಮಾಡ್ದೆ?"

ರೆಮಿ ಅವನ ಮುಖ ನೋಡ್ದ. "ಮರ ಕೊಯ್ಯೋ ಮಿಷನ್ ಗರಗಸಕ್ಕೆ ಹಾಕ್ದೆ, ಅದೂ ಟೂ-ಸ್ಟ್ರೋಕೇ. ಆ ಚಳಿಗಾಲಕ್ಕೆಲ್ಲ ಸೌದೆ ಅದರಲ್ಲೇ ಕೊಯ್ದಿದ್ದು. ನಿಮ್ಮನೇಗೂ ಎರಡು ಗಾಡಿ ಸೌದೆ ಬಂದಿತ್ತು."

"ಗರಗಸ?"

"ಈಗ್ಲೂ ಓಡುತ್ತೆ."

"ಯಾಕೆ ಹೇಳ್ಲಿಲ್ಲ ನೀನು?"

"ಆಸ್ಪತ್ರೇಲಿ ಹೇಳ್ದೆ. ನೀನು ಗೋಡೆ ಕಡೆ ತಿರುಗಿ ಮಲ್ಕೊಂಡೆ. ಕಾಲು ಮುರಿದೋನ ಹತ್ರ ಎಷ್ಟು ಅಂತ ವಾದ ಮಾಡ್ಲಿ. ಆಮೇಲೆ ಲೀವ್ ಬೇಡ ಅಂದ್ಲು. ಆಮೇಲೆ ನೀನು ಅದನ್ನ ಎಷ್ಟು ಚೆನ್ನಾಗಿ ಹೇಳೋಕೆ ಶುರು ಮಾಡ್ದೆ ಅಂದ್ರೆ, ನಾನು ಬಾಯಿ ಬಿಟ್ರೂ ನಂಬೋರು ಯಾರಿದ್ರು?"

ಮಧ್ಯಾಹ್ನ ಡೇರೆ ಒಳಗೆ ಬಟಾಣಿ ಸೂಪು, ಬ್ರೆಡ್ಡು, ಬಿಯರು. ಲೂದೊ ಚಮಚ ಬಿಟ್ಟು ಬಟ್ಟಲಿಗೇ ಬಾಯಿಟ್ಟು ಕುಡಿದ. ಕ್ಲಬ್ಬಿನ ಅಧ್ಯಕ್ಷ ಮೇಜು ಕುಟ್ಟಿ, "ಏನಪ್ಪಾ ಲೂದೊ, ಇವತ್ತೂ ಆಗ್ಲಿ ಕಥೆ, ಭಾವನೂ ಇಲ್ಲೇ ಇದಾನೆ," ಅಂದ. ಆಗಲೇ ಅರ್ಧ ಜನ ನಗೋಕೆ ತಯಾರಾಗಿ ಕೂತಿದ್ರು.

ಲೂದೊ ಎದ್ದು ನಿಂತ. ಎಂಬತ್ನಾಲ್ಕು, ಕೊನೇ ಸುತ್ತು, ಪೈನ್ ದಿಬ್ಬ, ಎಲ್ಲ ಹೇಳ್ದ. ಮೈಕಿನ ತನಕ ಬಂದು ನಿಲ್ಲಿಸ್ದ.

"ಆ ಮೈಕು ನಂಗೆ ಹೇಗೆ ಕೇಳ್ತು ಅಂತ ನಲವತ್ತು ವರ್ಷದಲ್ಲಿ ನಿಮ್ಮಲ್ಲೊಬ್ಬನೂ ಕೇಳ್ಲಿಲ್ಲ," ಅಂದ. "ನಾನು ಆಕ್ಸಿಲರೇಟರು ಮುಚ್ಚಿದ್ದೆ. ಹೆದರಿ ಮುಚ್ಚಿದ್ದೆ. ರೆಮಿ ಬೆರೆಸಿದ್ದು ಸರಿಯಾಗೇ ಇತ್ತು."

ಇಬ್ಬರು ನಕ್ರು, ಹೊಸ ತಮಾಷೆ ಅಂದ್ಕೊಂಡು. ಆಮೇಲೆ ಅವರೂ ನಿಲ್ಲಿಸಿದ್ರು. ಹಿಂದಿನ ಬೆಂಚಲ್ಲಿ ಒಬ್ಬ ಮುದುಕ, ಆಗಿನ ಕಾಲದಲ್ಲಿ ಶನಿವಾರ ಶೆಡ್ಡಿನ ಮುಂದೆ ನಿಲ್ತಿದ್ದೋನು, ಟೋಪಿ ತೆಗೆದು ಮೇಜಿನ ಮೇಲಿಟ್ಟ. ಲೀವ್ ಕರವಸ್ತ್ರ ಹುಡುಕಿದ್ಲು. ಲೂದೊ ಕೂತ.

"ಕಥೆ ಮುಂಚೆನೇ ಚೆನ್ನಾಗಿತ್ತು," ಅಂದ ರೆಮಿ. ಎದ್ದು ಹೊರಗೆ ಹೋದ.

ಲೂದೊ ಕುಂಟ್ಕೊಂಡು ಹಿಂದೆ ಹೋದ. ರೆಮಿ ಗಾಡಿ ಹತ್ರ ನಿಂತಿದ್ದ. ಜೇಬಿಂದ ಕೈ ತೆಗೆದು ಟ್ಯಾಂಕಿನ ಮುಚ್ಚಳ ಬಿಚ್ಚಿ, ಬಗ್ಗಿ ವಾಸನೆ ನೋಡ್ದ. ಒಂದು ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿ ನೋಡ್ದ.

"ಇದೇನು, ಆಲೂಗಡ್ಡೆ ಕರಿಯೋಷ್ಟು ಎಣ್ಣೆ ಹಾಕಿದೀಯ," ಅಂದ. "ಪೆಟ್ರೋಲ್ ಡಬ್ಬಿ ಎಲ್ಲಿಟ್ಟಿದೀಯ, ಕೊಡು ಇಲ್ಲಿ."