ಹೆಬ್ಬೆಟ್ಟು ಬಿದ್ದ ರೂಪಾಯಿ

ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಎರಡು ಬೆರಳು ಸಾಕು. ಮುಖಕ್ಕೆ ಕೈ ತಾಗಕೂಡದು. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ, ಒಬ್ಬರಾದರೂ ಕೇಳಿದರೆ ಕೇಳಿ! ಕೈಗಿಟ್ಟ ತಕ್ಷಣ ಅಂಗಿಗೆ ಉಜ್ಜುತ್ತಾರೆ, ಬಾಯಿಂದ ಹಬೆ ಊದುತ್ತಾರೆ. ಒಬ್ಬ ಮಹಾನುಭಾವ ಹಲ್ಲಿನಲ್ಲಿ ಕಚ್ಚಿಯೂ ನೋಡಿದ. ಅವನ ಗಡಿಯಾರವನ್ನು ಆಮೇಲೆ ನಾನು ಮುಟ್ಟಲೇ ಇಲ್ಲ.

ನನ್ನ ಹೆಸರು ರಹಮತ್ ಉಲ್ಲಾ. ತುಮಕೂರಿನ ಶಿರಾ ಗೇಟ್ ಹತ್ತಿರ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಸಣ್ಣ ಚಿಮಟ, ಎರಡೂ ಕಸುಬಿನ ಸಾಮಾನೇ ಆದ್ದರಿಂದ ಬ್ರಿಟಿಷರ ಕಾಲದ ನಾಣ್ಯ ಕೂಡಿಡುವ ಚಟ ನನಗೆ ಬೇಗ ಹತ್ತಿತು. ವಿಕ್ಟೋರಿಯಾ ರಾಣಿಯ ರೂಪಾಯಿ, ಕಿರೀಟವಿಲ್ಲದ ಎಡ್ವರ್ಡ್, ತಾಮ್ರದ ಕಾಲಾಣೆ, ಯುದ್ಧದ ಕಾಲದ ತೂತು ಕಾಸು. ಒಂದೊಂದನ್ನೂ ಬೆಣ್ಣೆ ಕಾಗದದ ಪೊಟ್ಟಣದಲ್ಲಿಟ್ಟು, ಪೊಟ್ಟಣದ ಮೇಲೆ ಪೆನ್ಸಿಲ್‌ನಲ್ಲಿ ಇಸವಿ, ತೂಕ ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆ. ನಾಣ್ಯಕ್ಕೆ ಬೆಲೆ ಬರುವುದು ಬೆಳ್ಳಿಯಿಂದಲ್ಲ. ಯಾವ ಇಸವಿಯದು, ಎಷ್ಟು ಉಳಿದಿವೆ, ಟಂಕಸಾಲೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೇ ಇದೆಯೇ ಎಂಬುದರಿಂದ. ಸರಕ್ಕೆ ಕೊಂಡಿ ಬೆಸೆದ ರೂಪಾಯಿ, ತಿಕ್ಕಿ ತೊಳೆದ ರೂಪಾಯಿ ನನ್ನ ಡಬ್ಬಿಗೆ ಬರುತ್ತಿರಲಿಲ್ಲ. ತೊಳೆದರೆ ಮುಗಿಯಿತು, ಅದರ ಚರ್ಮವೇ ಹೋದಂತೆ.

ಎಪ್ಪತ್ತೆರಡರಲ್ಲಿ ನನ್ನ ಮದುವೆಯಾಯಿತು. ಅಖ್ತರ್ ಬಾನು ಕುಣಿಗಲ್‌ನವಳು. ಅವಳಣ್ಣ ಮನ್ಸೂರ್ ಅಲಿ ಅಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ. ನಮ್ಮ ಮನೆಮಾತು ಉರ್ದುವೇ. ಆದರೆ ಅವಳು ಕನ್ನಡ ಶಾಲೆಯಲ್ಲಿ ಓದಿದವಳು, ನಾನು ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಹತ್ತಿರ ಕನ್ನಡದಲ್ಲಿ ಒದರುವವನು. ಹಾಗಾಗಿ ನಮ್ಮ ತಮಾಷೆ, ಜಗಳ ಎಲ್ಲ ಕನ್ನಡದಲ್ಲೇ ನಡೆಯುತ್ತಿದ್ದವು. ಬೆಣ್ಣೆ ಕಾಗದದ ಪೊಟ್ಟಣ ಮಡಿಸುವುದರಲ್ಲಿ ಅವಳ ಕೈ ಯಾರಿಗೂ ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ಎದುರು ಕೂತು ಮಡಿಸುತ್ತಿದ್ದಳು. ಪೊಟ್ಟಣ ಅವಳದು, ಒಳಗಿನದು ನನ್ನದು. ನಾಣ್ಯ ಮುಟ್ಟಲು ಮಾತ್ರ ಅವಳನ್ನು ಬಿಡುತ್ತಿರಲಿಲ್ಲ.

"ಇಷ್ಟ್ ಜೋಪಾನ ನನ್ನೂ ಮಾಡಿದ್ರೆ ನಾನ್ ಇನ್ನೂ ದಪ್ಪಗಾಗ್ತಿದ್ದೆ," ಅನ್ನುತ್ತಿದ್ದಳು. ನಾನು ನಗುತ್ತಿರಲಿಲ್ಲ. ಈಗ ನೆನೆಸಿಕೊಂಡರೆ, ಒಂದು ಸಲ ನಕ್ಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಅನ್ನಿಸುತ್ತದೆ.

ನನಗೆ ಬೇಕಾಗಿದ್ದ ಒಂದು ರೂಪಾಯಿ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಸಾವಿರದ ಒಂಬೈನೂರ ಹನ್ನೊಂದರದು, ಐದನೇ ಜಾರ್ಜ್. ಅವನ ನಿಲುವಂಗಿಯ ಮೇಲೆ ಒಂದು ಆನೆ ಇದೆ. ಅದರ ಸೊಂಡಿಲು ಎಷ್ಟು ಮೋಟಾಗಿತ್ತೆಂದರೆ ಜನ ಅದನ್ನು ಹಂದಿ ಅಂದುಕೊಂಡರು. ಹಂದಿ ನಮಗೆ ನಿಷಿದ್ಧ, ನಮ್ಮವರು ಗಲಾಟೆ ಮಾಡಿದರು, ಸರ್ಕಾರ ಸಿಕ್ಕಷ್ಟನ್ನು ಕರಗಿಸಿತು, ಮಾರನೇ ವರ್ಷದಿಂದ ಸೊಂಡಿಲು ಉದ್ದವಾಯಿತು. ಉಳಿದವು ಕಡಿಮೆ. ಉಳಿದವುಗಳಲ್ಲಿ ಸವೆಯದವು ಇನ್ನೂ ಕಡಿಮೆ.

ಎಪ್ಪತ್ತಾರರಲ್ಲಿ ಗುಬ್ಬಿಯ ಶಿವರುದ್ರಮ್ಮ ಎಂಬ ಮುದುಕಿಯ ಮನೆಗೆ ಗೋಡೆ ಗಡಿಯಾರ ರಿಪೇರಿಗೆ ಹೋಗಿದ್ದೆ. ಆಕೆ ದೇವರ ಗೂಡಿನಿಂದ ವಿಭೂತಿಯ ಡಬ್ಬಿ ತೆಗೆದಾಗ ಗಟ್ಟಿಗಳ ನಡುವೆ ಒಂದು ರೂಪಾಯಿ ಕಂಡಿತು. ಆಕೆಯ ಅತ್ತೆ ಇಟ್ಟದ್ದಂತೆ. ಅರವತ್ತು ವರ್ಷ ಯಾರ ಕೈಗೂ ಸಿಗದೆ ಆ ಒಣಬೂದಿಯಲ್ಲಿ ಕೂತಿತ್ತು. ಭೂತಗನ್ನಡಿ ಹಾಕಿ ನೋಡಿದೆ. ಹನ್ನೊಂದರ ಇಸವಿ, ಮೋಟು ಸೊಂಡಿಲು. ಎಷ್ಟು ಹೊತ್ತಾದರೂ ಅದನ್ನು ಕೆಳಗಿಡಲಿಲ್ಲ.

"ಅಷ್ಟ್ ಇಷ್ಟ ಆಗಿದ್ರೆ ತಗಂಡೋಗಪ್ಪ. ಗಡಿಯಾರದ್ ಕೂಲಿ ಬುಡು ಮತ್ತೆ," ಅಂದಳು ಶಿವರುದ್ರಮ್ಮ. ಮೋಸ ಮಾಡಬಾರದೆಂದು ಬೆಳ್ಳಿಯ ಬೆಲೆಗಿಂತ ಮೇಲೆಯೇ ಕೊಟ್ಟು ಬಂದೆ.

ಮನೆಯಲ್ಲಿ ಆವತ್ತು ಮನ್ಸೂರ್ ಬಂದಿದ್ದ. ಅಖ್ತರ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಾನು ಪೊಟ್ಟಣ ಬಿಚ್ಚಿ ಚಾಪೆಯ ಮೇಲಿಟ್ಟು, ಹಂದಿಯ ಕತೆಯನ್ನು ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ನಾನು ಹಾಂ ಹಾಂ ಅನ್ನುವುದರೊಳಗೆ ರೂಪಾಯಿಯನ್ನು ಎತ್ತಿ, ರಾಜನ ಮುಖದ ಪಕ್ಕ ಹೆಬ್ಬೆರಳು ಊರಿ, ಬೆಳಕಿಗೆ ಹಿಡಿದಳು.

"ಆನೆ ಕಣ್ರೀ ಇದು! ಪಾಪ, ಯಾರೋ ಹಂದಿ ಅಂದವ್ರೆ," ಅಂದು ನಕ್ಕಳು.

ಅವಳ ಕೈಯಿಂದ ಕಿತ್ತುಕೊಂಡೆ. "ನಿನ್ ಕೈ ಬಿತ್ತಲ್ಲ, ಮುಗೀತು ಇದರ ಬೆಲೆ! ನೀನ್ ಮುಟ್ಟಿದ್ದೆಲ್ಲಾ ಇಷ್ಟೇ!" ಅಂದೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ನಮಗೆ ಮಕ್ಕಳಾಗಿರಲಿಲ್ಲ. ನಾನು ಆ ಅರ್ಥದಲ್ಲಿ ಹೇಳಲಿಲ್ಲ, ಅಲ್ಲಾನ ಆಣೆಗೂ ಇಲ್ಲ. ಆದರೆ ಅವಳಿಗೆ ಅದು ಕೇಳಿಸಿದ್ದು ಹಾಗೆ, ಅದೂ ಅಣ್ಣನ ಎದುರಿಗೆ.

ಅವಳು ಅಳಲಿಲ್ಲ. ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿದಳು, ಕೈ ತೊಳೆದಳು, ಬುರ್ಖಾ ಹಾಕಿಕೊಂಡಳು. "ಬೆಲೆ ಇರೋದನ್ನ ಇಟ್ಕೊಂಡಿರಿ," ಅಂದಳು. ಅಣ್ಣನ ಹಿಂದೆ ಕುಣಿಗಲ್ ಬಸ್ಸು ಹತ್ತಿದಳು.

ನಾಲ್ಕು ದಿನಕ್ಕೆ ಬರುತ್ತಾಳೆ ಅಂದುಕೊಂಡೆ. ಆಮೇಲೆ ಹಬ್ಬಕ್ಕೆ ಅಂದುಕೊಂಡೆ. ಹೋದವಳು ತಾನೇ ಬರಲಿ ಎಂಬ ಹಟ ನನ್ನದು, ಕಳಿಸಿದವನು ಬಂದು ಕರೆಯಲಿ ಎಂಬ ಹಟ ಅವಳದು. ತಲಾಖ್ ಎಂಬ ಮಾತು ಅವರ ಕಡೆಯಿಂದಲೂ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ಮನ್ಸೂರ್ ಎರಡು ಮೂರು ತಿಂಗಳಿಗೊಮ್ಮೆ ಸಾಮಾನಿಗೆ ಶಿರಾ ಗೇಟ್‌ಗೆ ಬಂದಾಗ ಅಂಗಡಿಯ ಬೆಂಚಿನ ಮೇಲೆ ಕೂತು ಟೀ ಕುಡಿದು ಹೋಗುತ್ತಿದ್ದ. ಕುದುರೆಗಳ ಸುದ್ದಿ ಹೇಳುತ್ತಿದ್ದ. ಯಾವ ಕುದುರೆಗೆ ಜ್ವರ ಎಂದೂ ನನಗೆ ಗೊತ್ತಿತ್ತು. ಅಖ್ತರ್ ಹೇಗಿದ್ದಾಳೆ ಎಂದು ಕೇಳಲು ನನ್ನ ನಾಲಗೆ ಏಳುತ್ತಿರಲಿಲ್ಲ.

ಆ ರೂಪಾಯಿಯನ್ನು ಮೆತ್ತನೆಯ ಮಲ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಎತ್ತಿಟ್ಟಿದ್ದೆ. ಆಗ ಅದರ ಮೇಲೆ ಏನೂ ಕಾಣುತ್ತಿರಲಿಲ್ಲ. ಎರಡು ವರ್ಷದ ಮೇಲೆ ಒಂದು ದಿನ ತೆಗೆದು ನೋಡಿದರೆ, ರಾಜನ ಮುಖದ ಮುಂದೆ ಖಾಲಿ ಬೆಳ್ಳಿಯಲ್ಲಿ ಕಂದು ಬಣ್ಣದ ಗೆರೆಗಳು ಎದ್ದಿದ್ದವು. ಕೈಯ ಬೆವರು ಬೆಳ್ಳಿಗೆ ಇಳಿದರೆ ಹೀಗಾಗುತ್ತದೆ ಎಂದು ನನಗೆ ಗೊತ್ತು. ನಿಧಾನವಾಗಿ ಒಳಗೊಳಗೇ ಕಪ್ಪಾಗಿ, ವರ್ಷಗಳ ಮೇಲೆ ಹೊರಗೆ ಕಾಣುತ್ತದೆ. ಭೂತಗನ್ನಡಿ ಹಾಕಿದೆ. ಸುತ್ತು ಸುತ್ತಾಗಿ ಪೂರಾ ಹೆಬ್ಬೆಟ್ಟು. ಮಧ್ಯೆ ಅಡ್ಡಲಾಗಿ ಒಂದು ಸಣ್ಣ ಬಿಳಿ ಗೀರು. ಮದುವೆಯಾದ ಹೊಸದರಲ್ಲಿ ಈರುಳ್ಳಿ ಹೆಚ್ಚುವಾಗ ಕೊಯ್ದುಕೊಂಡ ಗಾಯ ಅದು. ಅದಕ್ಕೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದವನು ನಾನೇ.

ಅಂಗಡಿಯಲ್ಲಿ ಮೂರು ಜನ ಗಿರಾಕಿಗಳು ನಿಂತಿದ್ದರು. ನಾಳೆ ಬನ್ನಿ ಎಂದು ಮೂವರನ್ನೂ ಗದರಿ ಕಳಿಸಿ ಬಾಗಿಲು ಎಳೆದುಕೊಂಡೆ. ಅವಳು ಬೇಕು ಎಂದು ಆವತ್ತು ಅನ್ನಿಸಿದ ಹಾಗೆ ಅದಕ್ಕೆ ಮುಂಚೆ ಎಂದೂ ಅನ್ನಿಸಿರಲಿಲ್ಲ. ಅವತ್ತಿನಿಂದ ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮೊದಲು ಆ ಪೊಟ್ಟಣ ಬಿಚ್ಚುತ್ತಿದ್ದೆ. ಆಮೇಲೆ ಮಿಕ್ಕ ಕೆಲಸ. ಬೆಂಗಳೂರಿನಿಂದ ಬಂದಿದ್ದ ಒಬ್ಬ ನಾಣ್ಯದ ವ್ಯಾಪಾರಿ ಅದನ್ನು ನೋಡಿ, "ಈ ಬೆಟ್ಟಿನ ಗುರುತು ಇಲ್ದಿದ್ರೆ ಮುನ್ನೂರು ಕೊಡ್ತಿದ್ದೆ ಸಾಬ್ರೇ. ಹೀಗಾದ್ರೆ ಎಂಬತ್ತು," ಅಂದ. ಗುರುತಿಗೇ ನೀನು ಲಕ್ಷ ಕೊಟ್ಟರೂ ಇಲ್ಲ, ಎದ್ದು ಹೋಗು ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಎಂಬತ್ತೊಂದರ ರಂಜಾನ್ ಹಬ್ಬಕ್ಕೆ ವಾರವಿರುವಾಗ ಮನ್ಸೂರ್ ಬಂದ. ನಾನು ಬಹಳ ಯೋಚಿಸಿ ಆ ಪೊಟ್ಟಣವನ್ನು ಅವನ ಕೈಗಿಟ್ಟೆ.

"ನಿನ್ ತಂಗಿಗೆ ಕೊಡು."

"ಏನ್ ಹೇಳ್ಲಿ ಭಾವ?"

"ಏನೂ ಹೇಳ್ಬೇಡ. ನೋಡಿದ್ರೆ ಅವ್ಳಿಗೇ ಗೊತ್ತಾಗುತ್ತೆ."

ನನ್ನ ಲೆಕ್ಕ ಇಷ್ಟು. ತನ್ನ ಹೆಬ್ಬೆಟ್ಟನ್ನು ಅವಳು ನೋಡುತ್ತಾಳೆ. ಇವನು ಇದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾನೆ ಎಂದು ತಿಳಿಯುತ್ತಾಳೆ. ಮುಂದಿನ ಬಸ್ಸಿಗೆ ಬರುತ್ತಾಳೆ. ಒಂದು ಚೀಟಿ ಬರೆಯಲೂ ನನಗೆ ಬಿಗುಮಾನ. ಮನೆಯನ್ನು ಗುಡಿಸಿದೆ, ಸ್ಟವ್‌ಗೆ ಹೊಸ ಬತ್ತಿ ಹಾಕಿದೆ. ಹಬ್ಬದ ದಿನ ಕುಣಿಗಲ್ ಕಡೆಯ ಒಂದೊಂದು ಬಸ್ಸು ಬಂದಾಗಲೂ ಬೀದಿಗೆ ಬಂದು ನಿಂತೆ.

ಹಬ್ಬ ಕಳೆದು ನಾಲ್ಕನೇ ದಿನ ಮನ್ಸೂರ್ ಒಬ್ಬನೇ ಬಂದ. ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ತೊಳ್ದಿದ್ದೀನಿ, ಕಲೆ ಹೋಗಿದೆ, ಇನ್ನಾದ್ರೂ ಬೆಲೆ ಬರ್ತದಾ ಕೇಳು ಅಂದ್ಲು ಭಾವ," ಅಂದ.

ಬಿಚ್ಚಿದೆ. ರೂಪಾಯಿ ಥಳಥಳ ಹೊಳೆಯುತ್ತಿತ್ತು. ಹಬ್ಬಕ್ಕೆ ಮುಂಚೆ ಮನೆಯ ಹಿತ್ತಾಳೆ, ತಾಮ್ರ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ಬೆಳಗುವುದು ನಮ್ಮ ಹೆಂಗಸರ ಪದ್ಧತಿ. ಆ ಪಾತ್ರೆಗಳ ಜೊತೆ ಇದನ್ನೂ ಕೂರಿಸಿಕೊಂಡು ತಿಕ್ಕಿದ್ದಾಳೆ. ಭೂತಗನ್ನಡಿ ಹಾಕಿ ಹುಡುಕಿದೆ. ಬೂದಿ ಗೀಚಿದ ಸಣ್ಣ ಗೆರೆಗಳು ಬೇಕಾದಷ್ಟು. ಅವಳ ಹೆಬ್ಬೆಟ್ಟಿನದು ಒಂದೂ ಇಲ್ಲ. ನಾಣ್ಯದ ಬೆಲೆಯೂ ಹೋಗಿತ್ತು, ಅದರ ಚಿಂತೆ ಯಾರಿಗೆ. ಮನ್ಸೂರ್ ಎದುರಿಗೇ ಅತ್ತುಬಿಟ್ಟೆ. ಅವನು ಪಾಪ, ಎಲ್ಲಿ ನೋಡುವುದು ಎಂದು ತಿಳಿಯದೆ ಗೋಡೆಯ ಗಡಿಯಾರಗಳನ್ನು ನೋಡುತ್ತಾ ಕೂತ.

ಅವನ ಜೊತೆಯಲ್ಲೇ ಬಸ್ಸು ಹತ್ತಿದೆ.

ಅಖ್ತರ್ ಜಗಲಿಯ ಮೇಲೆ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ತೆಳ್ಳಗಾಗಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಾನು ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ.

"ಯಾಕೆ ತೊಳ್ದೆ?" ಅಂದೆ. ಐದು ವರ್ಷದ ಮೇಲೆ ಹೆಂಡತಿಗೆ ಆಡಿದ ಮೊದಲ ಮಾತು ಅದು. ನನ್ನ ಬಾಯಿಗಿಷ್ಟು ಬೆಂಕಿ ಬೀಳ.

ಅವಳು ಮೆಷಿನ್ ನಿಲ್ಲಿಸಿದಳು. "ಕಲೆ ಇತ್ತು, ತೊಳ್ದೆ. ಐದು ವರ್ಷ ಆದ್ಮೇಲೂ ಅದನ್ನೇ ತೋರ್ಸಿ ಹಂಗಿಸ್ತಾರಲ್ಲ ಅಂತ ಹೊಟ್ಟೆ ಉರೀತು."

"ಅದು ಕಲೆ ಅಲ್ಲ ಕಣೇ. ನಿನ್ ಹೆಬ್ಬೆಟ್ಟು."

ಆಮೇಲೆ ಎಲ್ಲವನ್ನೂ ಹೇಳಿದೆ. ಗುರುತು ಎದ್ದದ್ದು, ಗಾಯದ ಗೀರು, ಬೆಂಗಳೂರಿನವನನ್ನು ಓಡಿಸಿದ್ದು, ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತಿದ್ದದ್ದು. ಅವಳು ಬಟ್ಟೆಯ ಅಂಚನ್ನು ಉಗುರಿನಿಂದ ಮಡಿಸುತ್ತಾ ಕೇಳಿಸಿಕೊಂಡಳು.

"ದಿನಾ ನೋಡ್ತಿದ್ರಾ?"

"ದಿನಾ."

"ಭೂತಗನ್ನಡಿ ಹಾಕ್ಕೊಂಡು?"

"ಹೂಂ."

"ಒಂದೂಕಾಲ್ ಗಂಟೆ ದಾರಿ. ಒಂದ್ ಸಲ ಬಂದು ನನ್ನೇ ನೋಡ್ಬಾರ್ದಾಗಿತ್ತಾ?"

ಸಿಟ್ಟಿನಿಂದ ಕೇಳಿದ್ದರೆ ನನಗೂ ಏನಾದರೂ ತೋಚುತ್ತಿತ್ತು, ಸಿಟ್ಟಿಗೆ ಸಿಟ್ಟು ನನ್ನ ಹತ್ತಿರ ಸದಾ ಸಿದ್ಧ. ಅವಳು ತಿಳಿಯದ್ದನ್ನು ಕೇಳುವವಳ ಹಾಗೆ ಕೇಳಿದಳು. ಬಾ ಎಂದು ಕರೆಯುವ ಮುಖ ನನಗಿರಲಿಲ್ಲ. ಟೀ ಕೊಟ್ಟಳು, ಕುಡಿದೆ. ಕೊನೆಯ ಬಸ್ಸಿಗೆ ವಾಪಸ್ ಬಂದೆ.

ಮುಂದಿನ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಮತ್ತೆ ಹೋದೆ. ಅದರ ಮುಂದಿನ ಶುಕ್ರವಾರವೂ ಹೋದೆ. ಈಗ ಎರಡು ವರ್ಷವಾಗುತ್ತಾ ಬಂತು. ಜಗಲಿಯ ಮೇಲೆ ಕೂರುತ್ತೇನೆ. ಅವಳು ಟೀ ಕೊಟ್ಟು ಹೊಲಿಗೆಗೆ ಕೂರುತ್ತಾಳೆ. ಬೀದಿಯವರಿಗೆ ಮೊದಮೊದಲು ತಮಾಷೆಯಾಗಿತ್ತು, ಈಗ ಯಾರೂ ತಿರುಗಿ ನೋಡುವುದಿಲ್ಲ. ಬರುತ್ತೇನೆ ಎಂದು ಅವಳು ಹೇಳಿಲ್ಲ. ರಾತ್ರಿ ಮನೆಗೆ ಹಿಂತಿರುಗಿ ನಾನೇ ದೀಪ ಹಾಕುತ್ತೇನೆ.

ಹೋದ ಶುಕ್ರವಾರ ಜ್ವರ ಬಂದು ಮಲಗಿದ್ದೆ, ಹೋಗಲಾಗಲಿಲ್ಲ. ಈ ಶುಕ್ರವಾರ ಹೋದಾಗ ಜಗಲಿಯ ಮೇಲೆ ಮೆಷಿನ್ ಇತ್ತು, ಅವಳಿರಲಿಲ್ಲ. ಬೀದಿಯ ತುದಿಯಲ್ಲಿ, ಬಸ್ಸು ತಿರುಗುವ ಕಡೆಗೆ ಮುಖ ಮಾಡಿ ನಿಂತಿದ್ದಳು. ನಾನು ಬೇರೆ ದಾರಿಯಿಂದ ಬಂದದ್ದನ್ನು ನೋಡಿರಲಿಲ್ಲ. ಕೆಮ್ಮಿದೆ. ತಿರುಗಿದಳು.

"ಹೋದ್ ವಾರ ಯಾಕ್ ಬರ್ಲಿಲ್ಲ?" ಅಂದಳು.

ಜ್ವರದ ಸುದ್ದಿ ಹೇಳಬಹುದಾಗಿತ್ತು. ಹೇಳಲಿಲ್ಲ.

"ತಪ್ಪಾಯ್ತು ಅಖ್ತರ್," ಅಂದೆ.